ಬೇಕಾದ್ದನ್ನು ಮೊದಲು ಬರೆಯುವುದು

ನಮ್ಮಪ್ಪನಿಗೆ ಏನು ಬೇಕು ಎಂಬುದು ಅವನ ಬಾಯಿಂದ ಹೊರಗೆ ಬೀಳುವುದಿಲ್ಲ. ಕಂಪ್ಲಿಯಲ್ಲಿ ಗದ್ದೆ ಇದೆ, ನಮ್ಮಣ್ಣ ನೋಡಿಕೊಳ್ಳುವ ಅಕ್ಕಿ ಗಿರಣಿ ಇದೆ, ಮನೆ ತುಂಬ ಸೊಸೆಯಂದಿರು, ಮೊಮ್ಮಕ್ಕಳು ಇದ್ದಾರೆ. ಕೇಳಿದರೆ ಇಲ್ಲ ಎನ್ನುವವರು ಯಾರೂ ಇಲ್ಲ. ಆದರೂ ಇನ್ನೊಂದು ರೊಟ್ಟಿ ಬೇಕಾದರೆ “ರೊಟ್ಟಿ ಮಸ್ತ್ ಆಗ್ಯಾವು, ಹುಡುಗ್ರು ಉಂಡ್ರೇನು?” ಎಂದು ಕೇಳುತ್ತಾನೆ. ಅವ್ವ ಮಾತಾಡದೆ ರೊಟ್ಟಿ ತಂದು ತಟ್ಟೆಗೆ ಹಾಕುತ್ತಾಳೆ. ನನಗೆ ವರ ನೋಡುವಾಗಲೂ ಇದೇ ಕತೆ. ಟಿ.ಬಿ. ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಕೆಲಸ ಮಾಡುವ ಹುಡುಗ ಅಪ್ಪನಿಗೆ ಮೊದಲ ದಿನವೇ ಹಿಡಿಸಿದ್ದನಂತೆ. ಅದು ಗೊತ್ತಾಗಬಾರದೆಂದು ಅವರ ಮನೆಯಲ್ಲೇ ಕೂತು, ಅವರ ಉಪ್ಪಿಟ್ಟು ತಿನ್ನುತ್ತ, ಬೇರೆ ಸಂಬಂಧಗಳ ಗುಣಗಾನ ಮಾಡಿ ಬಂದಿದ್ದ. ಅದನ್ನು ನಮ್ಮತ್ತೆ ಇವತ್ತಿಗೂ ಮರೆತಿಲ್ಲ.

ಇದೆಲ್ಲ ಅವನು ಕಲಿತದ್ದು ದನದ ಸಂತೆಯಲ್ಲಿ. ಚಿಕ್ಕವಳಿದ್ದಾಗ ನಾನೂ ಅವನ ಬೆನ್ನು ಹತ್ತಿ ಹೋಗುತ್ತಿದ್ದೆ. ಅಪ್ಪ ತನಗೆ ಬೇಕಾದ ಎತ್ತಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅದರ ಪಕ್ಕದ್ದರ ಹಲ್ಲು ನೋಡುತ್ತಿದ್ದ, ಬೆನ್ನು ಚಪ್ಪರಿಸುತ್ತಿದ್ದ, ಗೊರಸು ಎತ್ತಿ ಪರೀಕ್ಷಿಸುತ್ತಿದ್ದ. ಅದರ ವ್ಯಾಪಾರ ಮುರಿದುಕೊಂಡು, ಟವೆಲ್ ಕೊಡವಿ ಹೆಗಲಿಗೆ ಹಾಕಿ, ಹೊರಟವನ ಹಾಗೆ ನಾಲ್ಕು ಹೆಜ್ಜೆ ಹಾಕಿ, ಆಮೇಲೆ ಏನೋ ನೆನಪಾದವನಂತೆ “ಇದನ್ನೂ ಮಾರಾಕ ತಂದೀಯೇನು?” ಎಂದು ನಿಜವಾದ ಎತ್ತಿನ ಮಾತು ಎತ್ತುತ್ತಿದ್ದ. ದರವನ್ನೂ ಬಾಯಲ್ಲಿ ಆಡುವಂತಿಲ್ಲ. ಕೊಳ್ಳುವವನೂ ದಲ್ಲಾಳಿಯೂ ಒಂದೇ ಟವೆಲ್ಲಿನ ಕೆಳಗೆ ಕೈ ಹಾಕಿ, ಬೆರಳು ಹಿಡಿದು, ಒತ್ತಿ, ಮುಖದಲ್ಲಿ ಏನನ್ನೂ ತೋರಿಸದೆ ಮುಗಿಸುತ್ತಿದ್ದರು. ಹತ್ತಿರ ನಿಂತ ನನಗೆ ಕಾಣುತ್ತಿದ್ದದ್ದು ಅಲ್ಲಾಡುವ ಟವೆಲ್ ಮಾತ್ರ.

ಇಂಥ ಮನುಷ್ಯನ ಕೈಗೆ ನಮ್ಮ ಮಗಳ ಕಾಲೇಜಿನ ಆಯ್ಕೆ ಸಿಕ್ಕಿಬಿಟ್ಟಿತು. ಹೇಗೆಂದು ಹೇಳುತ್ತೇನೆ.

ಮಗಳಿಗೆ ಪಶುವೈದ್ಯೆ ಆಗಬೇಕು. ಇದು ನಿನ್ನೆ ಮೊನ್ನೆಯ ಆಸೆಯಲ್ಲ. ಹೈಸ್ಕೂಲಿಗೆ ಕಾಲಿಡುವ ಮೊದಲೇ, ಒಂದು ಬೇಸಿಗೆ ರಜೆಯಲ್ಲಿ, ಕಂಪ್ಲಿ ಮನೆಯ ಎಮ್ಮೆ ಈಯಲಾರದೆ ಒದ್ದಾಡಿತ್ತು. ಕರುವಿನ ಒಂದು ಕಾಲು ಮಾತ್ರ ಹೊರಗೆ ಬಂದು ನಿಂತಿತ್ತು. ನಡು ಮಧ್ಯಾಹ್ನ, ಗಂಡಸರೆಲ್ಲ ಗಿರಣಿಯಲ್ಲಿ. ಬೈಕಿನಲ್ಲಿ ಬಂದ ಪಶುವೈದ್ಯರು ಅಂಗಿ ಬಿಚ್ಚಿ ಗೂಟಕ್ಕೆ ನೇತು ಹಾಕಿ, ಭುಜದವರೆಗೆ ಸೋಪು ಹಚ್ಚಿಕೊಂಡು, ಅಲ್ಲಿ ನಿಂತಿದ್ದ ಇವಳಿಗೆ “ಹಗ್ಗ ಹಿಡಕೋ, ಅದರ ಜೊತಿ ಮಾತಾಡ್ತಾ ಇರು” ಎಂದರು. ಇವಳು ಎಮ್ಮೆಯ ಕಿವಿಯಲ್ಲಿ ಅದೇನು ಹೇಳಿದಳೋ ನಮಗೆ ಯಾರಿಗೂ ಹೇಳಿಲ್ಲ. ಕರು ಬಿತ್ತು, ಎದ್ದು ನಿಂತಿತು, ಮೊಲೆ ಹುಡುಕಿತು. ಇವಳು ಊಟಕ್ಕೆ ಬರಲಿಲ್ಲ. ಅವ್ವ ತಟ್ಟೆ ಹಿಡಿದು ಕೊಟ್ಟಿಗೆಗೇ ಹೋಗಬೇಕಾಯಿತು.

ಆಮೇಲೊಂದು ಸಲ ದರೋಜಿಗೆ ಕರಡಿ ನೋಡಲು ಹೋದಾಗ ದೂರದ ಬಂಡೆಯ ಮೇಲೆ ಒಂದು ಕರಡಿ ಕುಂಟುತ್ತಿತ್ತು. “ಅದಕ್ಕ ಔಷಧ ಯಾರು ಹಾಕ್ತಾರ?” ಎಂದು ಕೇಳಿದಳು. ನಮ್ಮ ಮನೆಯವರು “ಮೊದಲು ಹಿಡಿಯೋರು ಬೇಕಲ್ಲವ್ವ” ಎಂದು ನಕ್ಕರು. “ನಾ ಹಿಡೀತೀನಿ” ಎಂದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅವಳಿಗೆ ಕರಡಿ ಡಾಕ್ಟರ್ ಎಂದೇ ಹೆಸರು. ನಾವು ನಗುತ್ತಿದ್ದೆವು. ಅವಳು ನಗುತ್ತಿರಲಿಲ್ಲ.

ಪಿಯುಸಿ ಮುಗಿಯಿತು, ಸಿಇಟಿ ಮುಗಿಯಿತು, ರ‍್ಯಾಂಕ್ ಬಂತು. ಅದು ಎಂಥ ರ‍್ಯಾಂಕೆಂದರೆ ಕುಣಿಯುವ ಹಾಗೂ ಇಲ್ಲ, ಅಳುವ ಹಾಗೂ ಇಲ್ಲ. ರಾಜ್ಯದಲ್ಲಿ ಪಶುವೈದ್ಯ ಕಾಲೇಜುಗಳು ಕೈಬೆರಳಲ್ಲಿ ಎಣಿಸುವಷ್ಟು, ಒಂದೊಂದರಲ್ಲೂ ಸೀಟು ಕಡಿಮೆ. ಹೋದ ವರ್ಷ ಕೊನೆಯ ಸೀಟು ಸಿಕ್ಕವರ ರ‍್ಯಾಂಕಿಗೂ ಇವಳದಕ್ಕೂ ಒಂದು ಕೂದಲೆಳೆ. ಕೂದಲು ಯಾವ ಕಡೆ ಬೀಳುತ್ತದೋ ಯಾರಿಗೂ ತಿಳಿಯದು. ಬೇಕಾದ ಕಾಲೇಜುಗಳನ್ನೆಲ್ಲ ಸಾಲಾಗಿ ಕಂಪ್ಯೂಟರಿನಲ್ಲಿ ತುಂಬಬೇಕು, ಯಾವುದು ಸಿಗುತ್ತದೆಂದು ಅದು ಹೇಳುತ್ತದೆ. ಇಷ್ಟೇ ಕೆಲಸ. ಈ ಇಷ್ಟು ಕೆಲಸಕ್ಕೆ ನಮ್ಮ ಡ್ಯಾಂ ಕ್ವಾರ್ಟರ್ಸಿನ ಮನೆ ಜ್ಯೋತಿಷಿಗಳ ಮಠವಾಯಿತು.

ನಮ್ಮ ಮನೆಯವರಿಗೆ ಲೋಕವೆಲ್ಲ ಜಲಾಶಯ. “ಹೋದ ವರ್ಷದ ಮಟ್ಟ ನೋಡಿದ್ರ ನಮ್ಮ ಹುಡುಗಿ ಪಾಸು. ಆದ್ರ ಈ ವರ್ಷ ಒಳಹರಿವು ಭಾಳ ಐತಿ. ಗೇಟು ಎಲ್ಲಿಗೆ ಇಳಿಸ್ತಾರ ಹೇಳಾಕ ಬರಂಗಿಲ್ಲ” ಎಂದು ಬೆಳಗಿನ ಚಹಾಕ್ಕೆ ಒಂದು ಮುನ್ಸೂಚನೆ, ಸಂಜೆಯ ಚಹಾಕ್ಕೆ ಅದರ ತಿದ್ದುಪಡಿ. ನಾನು ಸಂಡೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಹಿಂದಿನ ವರ್ಷಗಳ ಕೊನೆಯ ರ‍್ಯಾಂಕುಗಳನ್ನೆಲ್ಲ ಕಲೆಹಾಕಿ, ಖಂಡಿತ ಸಿಗುವುದಕ್ಕೆ ಹಸಿರು, ಅನುಮಾನಕ್ಕೆ ಹಳದಿ, ಆಸೆ ಬಿಡಬೇಕಾದ್ದಕ್ಕೆ ಕೆಂಪು ಬಳಿದೆ. ಕೃಷಿ ಕಾಲೇಜುಗಳೆಲ್ಲ ಹಸಿರಾಗಿ ನಳನಳಿಸಿದವು. ಪಶುವೈದ್ಯದ ಕಡೆ ಹಳದಿ, ಕೆಂಪು ಬಿಟ್ಟರೆ ಏನೂ ಇರಲಿಲ್ಲ. ದಿನಾ ಅದಿರಿನ ಲಾರಿಗಳ ಹಿಂದೆ ತೆವಳುವ ಸಂಡೂರು ಬಸ್ಸಿನಲ್ಲಿ ಜೊತೆಯ ಶಿಕ್ಷಕರಿಗೂ ಇದೇ ಮಾತು. ಚೋರನೂರಿನ ಕಡೆಯ ಒಬ್ಬರಿಗೆ, ಇವಳಿಗಿಂತ ಹಿಂದಿನ ರ‍್ಯಾಂಕಿನಲ್ಲೂ ಸೀಟು ಸಿಕ್ಕ ಅಕ್ಕನ ಮಗನಿದ್ದ. ಇನ್ನೊಬ್ಬರಿಗೆ, ಇವಳಿಗಿಂತ ಮುಂದಿದ್ದೂ ಸಿಗದ ತಮ್ಮನ ಮಗಳಿದ್ದಳು. ಒಬ್ಬರ ಮಾತಿಗೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು, ಇನ್ನೊಬ್ಬರ ಮಾತಿಗೆ ಉರಿಯುತ್ತಿತ್ತು.

ಪಟ್ಟಿ ತುಂಬುವ ದಿನ ಅಪ್ಪ ಕಂಪ್ಲಿಯಿಂದ ಬಂದ. ಒಂದು ಕೈಯಲ್ಲಿ ಹೊಸ ಅಕ್ಕಿಯ ಚೀಲ, ಇನ್ನೊಂದರಲ್ಲಿ ಹೊಸಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ಕಟ್ಟಿಸಿಕೊಂಡ ಒಗ್ಗರಣಿ ಮಂಡಕ್ಕಿ, ಮಿರ್ಚಿ. ನಾವು ಕರೆದಿರಲಿಲ್ಲ. ಕರೆಯದಿದ್ದದ್ದಕ್ಕೆ ಅವನು ಬೇಜಾರೂ ಮಾಡಿಕೊಂಡಿರಲಿಲ್ಲ. ಲ್ಯಾಪ್‌ಟಾಪಿನ ಮುಂದೆ ಕುರ್ಚಿ ಎಳೆದುಕೊಂಡು ಕೂತ.

“ಆಕಿಗೆ ಬೇಕಾಗಿದ್ದನ್ನ ಎಲ್ಲಿ ಬರ್ದೀರಿ?” ಎಂದು ಕೇಳಿದ.

“ಇನ್ನೂ ಬರ್ದಿಲ್ರಿ ಮಾವ, ಈಗ ಶುರು ಮಾಡಬೇಕು” ಎಂದರು ನಮ್ಮ ಮನೆಯವರು.

“ಹಂಗಾರ ಕೇಳ್ರಿ ಅಳಿಯಂದ್ರ. ಅದನ್ನ ಮ್ಯಾಲೆ ಬರೀಬ್ಯಾಡ್ರಿ. ಬರದ್ರ ಈ ಹುಡುಗಿಗೆ ಅದೇ ಬೇಕು ಅಂತ ಅವರಿಗೆ ಗೊತ್ತಾಗ್ತೈತಿ. ಆಮ್ಯಾಲೆ ಬಿಗಿ ಹಿಡದು ಕುಂದ್ರತಾರ. ನಡುವ ಎಲ್ಲೆರ ಒಂದು ಕಡಿ, ಕೈ ತಪ್ಪಿ ಬರದಂಗ ಬರೀರಿ.”

ನನಗೆ ನಗು ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ನನ್ನ ಲೆಕ್ಕವೂ ಅಲ್ಲಿಗೇ ಬಂದು ನಿಂತಿತ್ತು. ಪರೀಕ್ಷೆಗೆ ಕೂರುವ ಮಕ್ಕಳಿಗೆ ನಾನು ಪ್ರತಿವರ್ಷ ಹೇಳುವುದು ಒಂದೇ: ಬರುವ ಪ್ರಶ್ನೆ ಮೊದಲು ಬರೀರಿ, ಬರದೇ ಇದ್ದದ್ದಕ್ಕೆ ಆಮೇಲೆ ತಲೆ ಕೆಡಿಸಿಕೊಳ್ಳಿ. ಹಾಗಾಗಿ ಹಸಿರು ಮೇಲೆ, ಹಳದಿ ಕೆಳಗೆ. ನಮ್ಮ ಮನೆಯವರೂ ಖಾತ್ರಿ ಇರುವ ನೀರು ಮೊದಲು ಹಿಡಿದುಕೊಳ್ಳೋಣ ಎಂದರು. ಮೂವರು ಮೂರು ದಾರಿಯಿಂದ ಬಂದು ಒಂದೇ ಹಳ್ಳಕ್ಕೆ ಇಳಿದೆವು. ಮೊದಲಿಗೆ ಹತ್ತಿರದ ಕೃಷಿ ಕಾಲೇಜು, ಆಮೇಲೆ ಸ್ವಲ್ಪ ದೂರದ ಕೃಷಿ ಕಾಲೇಜುಗಳು, ಆಮೇಲೆ ಅಪ್ಪನ ಒತ್ತಾಯಕ್ಕೆ, ನೋಡಿದವರಿಗೆ ಅನುಮಾನ ಬರದಿರಲೆಂದು, ಮೀನುಗಾರಿಕೆ. ನಮ್ಮ ಹುಡುಗಿ ಸಮುದ್ರವನ್ನೇ ನೋಡಿಲ್ಲ. ಅದರ ಕೆಳಗೆ, ಕೈ ತಪ್ಪಿ ಬರೆದಂತೆ, ಪಶುವೈದ್ಯ.

ಮಗಳು ಹೇಳಿದಂತೆ ಟೈಪು ಮಾಡುತ್ತ ಹೋದಳು. ಕೊನೆಗೆ ಒಂದೇ ಮಾತು ಕೇಳಿದಳು. “ಹಿಂಗೇ ಇರ್ಲೇನು?”

“ಹಿಂಗೇ ಇರ್ಲಿ” ಎಂದೆವು ಮೂವರೂ.

ಅವಳು ಸಣ್ಣಗೆ ನಕ್ಕು ಬಟನ್ ಒತ್ತಿದಳು. ಎಷ್ಟು ಒಳ್ಳೆಯ ಹುಡುಗಿ, ಹಿರಿಯರ ಮಾತು ಮೀರುವುದಿಲ್ಲ ಎಂದು ನಾನು ಒಳಗೊಳಗೇ ಬೀಗಿದೆ.

ನಿಜವಾಗಿ ಸೀಟು ಹಂಚುವ ಮೊದಲು ಒಂದು ಅಣಕು ಹಂಚಿಕೆ ಇರುತ್ತದೆ. ನೀವು ಕೊಟ್ಟ ಪಟ್ಟಿಗೆ ಏನು ಸಿಗಬಹುದು ಎಂದು ಕಂಪ್ಯೂಟರು ತೋರಿಸುತ್ತದೆ, ಅದನ್ನು ನೋಡಿ ಪಟ್ಟಿ ತಿದ್ದಲು ಕೆಲವು ದಿನ ಸಮಯ ಕೊಡುತ್ತದೆ. ಅಣಕಿನಲ್ಲಿ ಮಗಳಿಗೆ ಪಟ್ಟಿಯ ಮೊಟ್ಟಮೊದಲ ಕಾಲೇಜೇ ಬಂತು. ಹತ್ತಿರದ್ದು, ಸರ್ಕಾರಿ, ಕೃಷಿ. ಮನೆಯವರು ಕಚೇರಿಗೆಲ್ಲ ಪೇಡಾ ಹಂಚಿದರು. ನಾನು ನನ್ನ ಹಸಿರು ಬಣ್ಣಕ್ಕೆ ನಾನೇ ಶಭಾಷ್ ಎಂದುಕೊಂಡೆ. ಅಪ್ಪನಿಗೆ ಫೋನು ಮಾಡಿದರೆ ಅವನ ಖುಷಿ ಕೇಳಬೇಕು.

“ನೋಡಿದ್ಯಾ! ಸಿಕ್ಕ್ರಲ್ಲ ಕೈಗೆ! ಇನ್ನ ನಿಧಾನಕ್ಕ, ಹೊರಟವರಂಗ ಮಾಡಿ, ಆ ದನದ ಕಾಲೇಜಿನ ಮಾತು ಎತ್ರಿ.”

“ಯಾರ ಮುಂದ ಎತ್ಬೇಕು ಅಪ್ಪಾ?”

“ಅಲ್ಲಿ ಯಾರರ ಕುಂತಿರ್ತಾರಲ್ಲವಾ.”

“ಯಾರೂ ಇಲ್ಲಪ್ಪ. ಕಂಪ್ಯೂಟರ್ ಐತಿ.”

“ನಾ ಬರ್ತೀನಿ ತಡಿ” ಎಂದು ಫೋನಿಟ್ಟ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಬಂದ. ಊಟವಾದ ಮೇಲೆ ಮಗಳು ಅವನನ್ನು ಎದುರಿಗೆ ಕೂರಿಸಿಕೊಂಡಳು. ಹುರಿಗಡಲೆಯ ಡಬ್ಬಿ ತಂದು, ಚಾಪೆಯ ಮೇಲೆ ಕಾಳುಗಳನ್ನು ಒಂದರ ಕೆಳಗೆ ಒಂದು ಸಾಲಾಗಿ ಇಟ್ಟಳು.

“ತಾತ, ಕಂಪ್ಯೂಟರ್ ಮ್ಯಾಲಿಂದ ನೋಡ್ತೈತಿ. ಇದು ಸಿಗ್ತೈತೇನು? ಇಲ್ಲ. ಕೆಳಗಿಂದು? ಇಲ್ಲ. ಅದರ ಕೆಳಗಿಂದು? ಹೂಂ, ಸಿಗ್ತೈತಿ. ಅಲ್ಲಿಗೇ ನಿಂತುಬಿಡ್ತೈತಿ. ಮುಂದಿಂದು ನೋಡೋದೇ ಇಲ್ಲ.”

“ನೋಡೋದೇ ಇಲ್ಲ?”

“ಇಲ್ಲ. ನಾವು ಸಿಗೋದನ್ನೇ ಮ್ಯಾಲೆ ಇಟ್ಟೀವಿ. ಅದು ಕೊಟ್ಟು ಸುಮ್ನಾತು.”

“ಹಂಗಾರ ನಿನ್ನ ದನದ ಕಾಲೇಜು?”

“ಅಲ್ಲೀತನ ಅದು ಬರಲೇ ಇಲ್ಲ ತಾತ.”

ಅಪ್ಪ ಕಾಳುಗಳನ್ನು ನೋಡಿದ. ನಾನು ಮಗಳ ಮುಖ ನೋಡಿದೆ. “ಇದು ನಿನಗ ಮೊದ್ಲೇ ಗೊತ್ತಿತ್ತೇನು?” ಎಂದೆ.

“ಗೊತ್ತಿತ್ತು.”

ಎರಡು ಬಾರಿಸಬೇಕು ಅನ್ನಿಸಿತು. ಪೇಡಾ ಹಂಚುವಾಗ ಬಾಯಿ ಮುಚ್ಚಿಕೊಂಡು ನಿಂತಿದ್ದಳಲ್ಲ! ತಾನೂ ಒಂದು ಪೇಡಾ ತಿಂದಿದ್ದಳು. “ಬಾಯಿಗೇನು ಬೀಗ ಹಾಕಿತ್ತೇನಲೇ?” ಎಂದು ಕೂಗಿದೆ.

“ಹೇಳಿದ್ರ ನೀವು ಕೇಳ್ತಿದ್ರೇನು?” ಅವಳ ದನಿ ಏರಲಿಲ್ಲ. “ಅಪ್ಪ ನೀರು ಅಂತಾನ, ನೀ ಬಣ್ಣ ಅಂತೀ, ತಾತ ಸಂತಿ ಅಂತಾನ. ಮೂರು ಮಂದಿ ಮುಂದ ನಾ ಏನು ಹೇಳ್ಲಿ? ಇದು ಅಣಕು, ತಪ್ಪಾದ್ರೂ ತಿದ್ದಾಕ ಬರ್ತೈತಿ. ಕಣ್ಣಾರೆ ಕಂಡ್ರ ನಂಬ್ತೀರಿ ಅಂತ ಬಿಟ್ಟೆ.”

ಅಪ್ಪ ಒಮ್ಮೆಲೇ ನಗತೊಡಗಿದ. ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವವರೆಗೆ ನಕ್ಕ. “ಅಳಿಯಂದ್ರ, ಈಕಿ ನಮ್ಮ ಮ್ಯಾಲೇ ವ್ಯಾಪಾರ ಮಾಡ್ಯಾಳ್ರಿ! ಬ್ಯಾರೇದರ ಹಲ್ಲು ನೋಡ್ಯಾಳ!” ನನಗೆ ಸಿಟ್ಟು ಇಳಿಯುವ ಮೊದಲೇ ಹೆಮ್ಮೆ ಬಂದುಬಿಟ್ಟಿತು. ಎರಡೂ ಒಟ್ಟಿಗೆ ಬಂದರೆ ಏನು ಮಾಡಬೇಕೆಂದು ತೋಚದೆ ಒಳಗೆ ಹೋಗಿ ಚಹಾ ಇಟ್ಟೆ.

ಚಹಾ ಕುಡಿಯುತ್ತ ಅಪ್ಪ ಒಂದೊಂದೇ ಅನುಮಾನ ಬಿಚ್ಚಿದ. ಮಗಳು ಒಂದಕ್ಕೂ ಬೇಸರ ಮಾಡಿಕೊಳ್ಳಲಿಲ್ಲ.

“ಸಿಗಲಾರದ್ದನ್ನ ಮೊದಲು ಕೇಳಿದ್ರ, ಸಿಗೋದೂ ಕೈ ತಪ್ಪಂಗಿಲ್ಲೇನು?”

“ಇಲ್ಲ ತಾತ. ಅದು ತನ್ನ ಜಾಗದಾಗ ಇರ್ತೈತಿ.”

“ಮೊದಲನೇದು ಇಲ್ಲ ಅಂದ್ಮ್ಯಾಲೆ ಎರಡನೇದರ ಬಾಗಿಲಿಗೆ ಹೋದ್ರ, ಅವರಿಗೆ ಬ್ಯಾಸರ ಆಗಂಗಿಲ್ಲೇನು? ಸಂಬಂಧ ನೋಡೋವಾಗ ಇಂಥಾ ಮಾತು ಗೊತ್ತಾದ್ರ ಹೆಣ್ಣೇ ಕೊಡಂಗಿಲ್ಲ.”

“ನಾವು ಅವರನ್ನ ಎಷ್ಟನೇದಾಗಿ ಬರ್ದೀವಿ ಅಂತ ಅವರು ನೋಡಂಗಿಲ್ಲ ತಾತ.”

“ಇದೇ ಬೇಕು ಅಂದ್ರ ಫೀಸು ಏರಂಗಿಲ್ಲ?”

“ಏರಂಗಿಲ್ಲ.”

ಅಪ್ಪ ಲೋಟ ಕೆಳಗಿಟ್ಟ. ಅವನ ಮುಖದಲ್ಲಿ ಮೂಡಿದ ಬೆರಗನ್ನು ನಾನು ಮರೆಯಲಾರೆ. “ಅಂದ್ರ, ಬೇಕಾದ್ದು ಬೇಕು ಅಂತ ನೆಟ್ಟಗ ಹೇಳಿದ್ರ ಏನೂ ಲುಕ್ಸಾನಿಲ್ಲ?”

“ಏನೂ ಇಲ್ಲ. ಹೇಳದಿದ್ರೇ ಲುಕ್ಸಾನು.”

“ಇಂಥಾ ಸಂತಿ ನಾ ಕಂಡಿಲ್ಲವ್ವ” ಎಂದ.

ಆ ಮಾತು ನನಗೂ ನಾಟಿತು. ತಿಂಗಳಿಂದ ನಾವು ಮೂವರು ಈ ಹುಡುಗಿಗೆ ಏನು ಸಿಗುತ್ತದೆ ಎಂದು ತಲೆ ಚಚ್ಚಿಕೊಂಡಿದ್ದೆವು. ಕಂಪ್ಯೂಟರು ಅದನ್ನು ನಮ್ಮಿಂದ ಕೇಳಿರಲೇ ಇಲ್ಲ. ಸಿಗುವುದು ಬಿಡುವುದು ಅದರ ಕೆಲಸ. ಅದು ಕೇಳಿದ್ದು, ನಿನಗೇನು ಬೇಕು, ಅದು ಇಲ್ಲದಿದ್ದರೆ ಏನು, ಅದೂ ಇಲ್ಲದಿದ್ದರೆ ಏನು ಎಂದು. ಹೆತ್ತವರು ಕೇಳಬೇಕಾದ ಮಾತನ್ನು ಅದು ಕೇಳಿತ್ತು, ನಾವು ಉತ್ತರಕ್ಕೆ ಬಣ್ಣ ಬಳಿಯುತ್ತ ಕೂತಿದ್ದೆವು.

“ಈಗ ನೀನೇ ಹೇಳು” ಎಂದೆ ಮಗಳಿಗೆ.

ಅವಳು ತಡವರಿಸಲಿಲ್ಲ. ಮೊದಲು ಶಿವಮೊಗ್ಗ, ಅಲ್ಲಿ ಕಾಡು ಹತ್ತಿರ. ಆಮೇಲೆ ಹಾಸನ. ಆಮೇಲೆ ಗದಗ, ನಮಗೆ ಹತ್ತಿರ. ಆಮೇಲೆ ಬೀದರ್. ಎಲ್ಲವೂ ಪಶುವೈದ್ಯ. ಅವಕ್ಕೆಲ್ಲ ಕೆಳಗೆ, ನಾವು ಪೇಡಾ ಹಂಚಿದ ಹತ್ತಿರದ ಕೃಷಿ ಕಾಲೇಜು.

ಬೀದರಿನ ಹತ್ತಿರ ನಾನು ತಡೆದೆ. ಬೀದರೆಂದರೆ ರಾಜ್ಯದ ಆ ತುದಿ. ಅಲ್ಲಿ ನಮಗೆ ಒಬ್ಬ ನೆಂಟರೂ ಇಲ್ಲ. ಜ್ವರ ಬಂದರೆ ಒಂದು ಗಂಜಿ ಕಾಸಿ ಕೊಡುವವರಿಲ್ಲ. ಮೇಲಿನ ಮೂರು ಸಿಗದಿದ್ದರೆ ಇಲ್ಲೇ ಕೃಷಿ ಓದಲಿ, ಶನಿವಾರ ಮನೆಗೆ ಬರಲಿ ಎಂಬುದು ನನ್ನ ವಾದ. ನನ್ನ ಲೆಕ್ಕದ ಪ್ರಕಾರ ಸಿಕ್ಕರೆ ಬೀದರೇ ಸಿಗಬೇಕು ಎಂಬುದೂ ನನಗೆ ಗೊತ್ತಿತ್ತು, ಮೇಲಿನ ಮೂರೂ ಕೆಂಪು, ಅದೊಂದೇ ಹಳದಿ. ಅಂದರೆ ಬೀದರನ್ನು ಕೃಷಿಯ ಮೇಲೆ ಇಡುವುದೋ ಕೆಳಗೆ ಇಡುವುದೋ ಎಂಬ ಒಂದು ಸಾಲಿನ ಮೇಲೆ ಅವಳ ಬದುಕು ನಿಂತಿತ್ತು.

“ಬೀದರ್ ಮ್ಯಾಲೆ” ಎಂದಳು ಮಗಳು.

“ಕೆಳಗೆ” ಎಂದೆ ನಾನು. ನಮ್ಮ ಮನೆಯವರು ಕಿಟಕಿಯ ಹೊರಗೆ ನೋಡತೊಡಗಿದರು. ಮಗಳ ಕಣ್ಣುಗಳು ತುಂಬಿದವು. ಅಳುವುದಿಲ್ಲ ಎಂದು ಹಟ ಹಿಡಿದವರ ಹಾಗೆ ಗಲ್ಲ ಬಿಗಿದುಕೊಂಡು ಕೂತಳು.

ಅಪ್ಪ ಚಾಪೆಯ ಮೇಲಿದ್ದ ಒಂದು ಕಾಳನ್ನು ಬೆರಳಿನಿಂದ ಮೇಲಕ್ಕೆ ಸರಿಸಿದ. “ಆಕಿಗೆ ಬೇಕಾಗಿದ್ದು ಬರೀಲಿ ಬಿಡವಾ” ಎಂದ ನನಗೆ. “ಈ ಸಂತ್ಯಾಗ ಹಂಗೇ ಅಂತಲ್ಲ.”

ಅಪ್ಪನ ಎದುರು ನಾನು ಮಾತಾಡಲಿಲ್ಲ. ಮಗಳು ಹಾಗೇ ಬರೆದಳು.

ಆಮೇಲಿನ ದಿನಗಳು ಕಾಯುವುದರಲ್ಲಿ ಹೋದವು. ಡ್ಯಾಮಿಗೆ ನೀರು ಬರತೊಡಗಿತ್ತು. ನಮ್ಮ ಮನೆಯವರಿಗೆ ಎರಡು ಒಳಹರಿವುಗಳ ಚಿಂತೆ. ನಾನು ಬಣ್ಣದ ಪೆನ್ನುಗಳನ್ನು ಬೀರುವಿನಲ್ಲಿ ಹಾಕಿ ಬೀಗ ಹಾಕಿದೆ. ಒಂದು ಸೋಮವಾರ ಅಪ್ಪನೂ ನಾವೂ ಹಂಪಿಗೆ ಹೋಗಿ ಹಣ್ಣುಕಾಯಿ ಮಾಡಿಸಿದೆವು. ಅಪ್ಪ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತ. ಹೊರಗೆ ಬಂದ ಮೇಲೆ ಏನು ಬೇಡಿಕೊಂಡೆ ಎಂದು ಕೇಳಿದೆ.

“ಮಳಿ ಛಲೋ ಆಗ್ಲಿ ಅಂದೆ” ಎಂದ.

“ಅಷ್ಟೇನಾ?”

“ಗಿರಣಿ ಬೆಲ್ಟು ಭಾಳ ಹರೀತಾವು. ಅದನ್ನೂ ಒಂದು ಮಾತು ಹೇಳೀನಿ.”

ಮಗಳು ನಗುತ್ತ ಅವನ ತೋಳು ಹಿಡಿದಳು. “ತಾತ, ದೇವರ ಮುಂದಾದ್ರೂ ನೆಟ್ಟಗ ಹೇಳಬಾರದೇನು? ಆತ ಏನು ದರ ಏರಸ್ತಾನೇನು?” ಅಪ್ಪ ಬೀದಿಯ ಬದಿಯಲ್ಲಿ ಮಾರುತ್ತಿದ್ದ ಬಾಳೆಹಣ್ಣನ್ನು ತೋರಿಸಿ, “ಇವು ಚುಕ್ಕಿ ಬಿದ್ದಾವು ನೋಡು” ಎಂದ. ಅವನಿಗೆ ಹಣ್ಣು ತಿನ್ನುವ ಆಸೆಯಾಗಿದೆ ಎಂದು ತಿಳಿದು ಕೊಂಡುಕೊಟ್ಟೆ.

ನಿಜವಾದ ಹಂಚಿಕೆ ಬಂದ ದಿನ ನಾನು ಶಾಲೆಗೆ ರಜೆ ಹಾಕಿದ್ದೆ. ಅಪ್ಪ ಹಿಂದಿನ ದಿನವೇ ಬಂದು ಉಳಿದಿದ್ದ. ಮಗಳು ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು, ನಾವು ಮೂವರೂ ಅವಳ ಬೆನ್ನ ಹಿಂದೆ. ಪರದೆಯ ಮೇಲೆ ಅಕ್ಷರ ಮೂಡಿದಾಗ ಅವಳು ಓದಲಿಲ್ಲ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಓದಿದ್ದು ನಮ್ಮ ಮನೆಯವರು. ಪಶುವೈದ್ಯಕೀಯ. ಬೀದರ್.

ಶಿವಮೊಗ್ಗ, ಹಾಸನ, ಗದಗ ಮೂರೂ ಕೈ ತಪ್ಪಿದ್ದವು. ನಾನು ಕೆಳಗೆ ಇಡು ಎಂದಿದ್ದ ಸಾಲೇ ಸಿಕ್ಕಿತ್ತು. ಅವತ್ತು ನನ್ನ ಮಾತು ನಡೆದಿದ್ದರೆ ಈ ಹುಡುಗಿ ಇಷ್ಟು ಹೊತ್ತಿಗೆ ಬತ್ತದ ತಳಿಗಳ ಹೆಸರು ಬಾಯಿಪಾಠ ಮಾಡಲು ಸಿದ್ಧಳಾಗುತ್ತಿದ್ದಳು. ಮಗಳು ಎದ್ದು ನನ್ನನ್ನು ತಬ್ಬಿಕೊಂಡಳು. ನನಗೆ ಸಂತೋಷವಾಯಿತು, ಬೀದರಿನ ದಾರಿ ನೆನೆದು ಸಂಕಟವೂ ಆಯಿತು. ಎರಡನ್ನೂ ಅವಳ ತಲೆಯ ಮೇಲೆ ಕೈಯಾಡಿಸುತ್ತ ನುಂಗಿಕೊಂಡೆ. ಮನೆಯವರು ಪೇಡಾ ತರಲು ಚಪ್ಪಲಿ ಮೆಟ್ಟಿದರು. ಈ ಸಲದ ಪೇಡಾ ಅಣಕಿನದ್ದಲ್ಲ.

ಸಿಕ್ಕದ್ದಕ್ಕೆ ಒಪ್ಪಿ ಆ ಕಾಲೇಜಿಗೇ ಸೇರಬಹುದು, ಇಲ್ಲವೇ ಅದನ್ನು ಕೈಯಲ್ಲಿಟ್ಟುಕೊಂಡು ಮೇಲಿನದು ಸಿಗಬಹುದೆಂದು ಮುಂದಿನ ಸುತ್ತಿಗೆ ಕಾಯಬಹುದು ಎಂದು ಮಗಳು ತಾತನಿಗೆ ವಿವರಿಸಿದಳು. ಅಪ್ಪ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತಿದ್ದ. ಅವನ ಪಕ್ಕ ಇವಳು. ನಾನು ಬಾಗಿಲಲ್ಲಿ ನಿಂತಿದ್ದೆ.

“ಬೀದರಿಗೆ ಬಸ್ಸು ಎಷ್ಟೊತ್ತು ತಗೋತೈತಿ?” ಎಂದು ಕೇಳಿದ.

“ಸಂಜಿಗೆ ಹತ್ತಿದ್ರ ಬೆಳಿಗ್ಗೆ ಮುಟ್ಟಿಸ್ತೈತಿ ತಾತ.”

ಇನ್ನು ಬೀದರಿನ ಬಿಸಿಲಿನ ಮಾತೋ, ನೀರಿನ ಮಾತೋ ಬರುತ್ತದೆಂದು ನಾನು ಕಾದೆ. ಅವನನ್ನು ನಾನು ಇವತ್ತು ನಿನ್ನೆ ನೋಡುತ್ತಿದ್ದೇನೆಯೇ?

“ನಮ್ಮವ್ವಾ, ನಾನೂ ಒಂದು ಪಟ್ಟಿ ಬರ್ದಿದ್ದೆ. ಮನಸ್ಸಿನಾಗ” ಎಂದ.

“ಏನಿತ್ತು ಅದರಾಗ?”

“ಒಂದನೇದು, ನೀ ಇಲ್ಲೇ ಹತ್ರ ಎಲ್ಲೆರ ಓದಬೇಕು. ವಾರಕ್ಕೊಮ್ಮೆ ಕಂಪ್ಲಿಗೆ ಬರಬೇಕು. ನಾ ನಿನ್ನ ನೋಡಬೇಕು.” ಅವನು ಮಗಳ ಮುಖ ನೋಡುತ್ತಲೇ ಹೇಳಿದ, ಬೇರೆ ಎತ್ತಲೂ ನೋಡಲಿಲ್ಲ. “ಎರಡನೇದು, ನಿನಗ ಬೇಕಾಗಿದ್ದು ನಿನಗ ಸಿಗಬೇಕು.”

ಮಗಳು ಅವನ ಹತ್ತಿರ ಸರಿದು ಕೂತಳು.

“ನನಗ ಎರಡನೇದು ಸಿಕ್ತು” ಎಂದ ಅಪ್ಪ.

ಆ ದಿನ ಚಾಪೆಯ ಮೇಲೆ ಬೀದರಿನ ಕಾಳನ್ನು ಮೇಲಕ್ಕೆ ಸರಿಸಿದ್ದು ಅವನೇ. ತನ್ನ ಒಂದನೆಯದನ್ನು ತಾನೇ ಆ ಬೆರಳಿನಿಂದ ಕೆಳಗೆ ತಳ್ಳಿದ್ದ, ನಮಗೆ ಯಾರಿಗೂ ಒಂದು ಸುಳಿವು ಕೊಡದೆ. ಮಗಳು ಅವನ ಹೆಗಲ ಟವೆಲ್ಲಿನ ತುದಿಗೆ ಮೂಗು ಕಣ್ಣು ಎರಡನ್ನೂ ಒರೆಸಿಕೊಂಡು, ಅಳುತ್ತಲೇ ಕೀಟಲೆಗೆ ಇಳಿದಳು.

“ಮುಂದಿನ ಸುತ್ತಿಗೆ ಕಾಯ್ತೀಯೇನು ತಾತ? ಒಂದನೇದು ಸಿಕ್ಕರೂ ಸಿಗಬಹುದು.”

“ಬ್ಯಾಡವ್ವ” ಎಂದ ಅಪ್ಪ. “ನಾ ಸಿಕ್ಕಿದ್ದಕ್ಕ ಒಪ್ಪೀನಿ. ನೀನೂ ಹೋಗಿ ಒಪ್ಪಿಗಿ ಒತ್ತು.”